ಒಂದು ಹಗಲಿನ ನಡಿಗೆಯಲ್ಲಿ 720 ವರ್ಷ

ಚಿತ್ರೀಕರಣಕ್ಕೆಂದು ಖಾನಾಪುರಕ್ಕೆ ಹೋಗಿದ್ದಾಗ ಅಲ್ಲಿನ ಕೆಲವು ವಿದ್ಯಾರ್ಥಿಗಳನ್ನು ಒಮ್ಮೆ ಕೇಳಿದೆ: "ಬೆಳಗಾವಿಯ ಕೋಟೆ ನೋಡಿದ್ದೀರಾ?" ಎಲ್ಲರೂ ಕೈ ಎತ್ತಿದರು. "ಒಳಗೆ ಹೋಗಿದ್ದೀರಾ?" ಎಂದಾಗ ಎರಡು ಕೈಗಳು ಮಾತ್ರ ಉಳಿದವು. ಉಳಿದವರು ನೋಡಿದ್ದು ಬಸ್ಸಿನ ಕಿಟಕಿಯಿಂದ. ಅದೇ ಮಕ್ಕಳು ರೋಮ್ ನಗರದ ಕೊಲೋಸಿಯಂ ಬಗ್ಗೆ ತಪ್ಪಿಲ್ಲದೆ ಹೇಳಿದರು.

ರೋಮ್, ಫ್ಲಾರೆನ್ಸ್‌ಗಳಂಥ ಹಳೆಯ ಇಟಲಿಯ ಊರುಗಳನ್ನು ಪ್ರವಾಸಿಗಳು ನಡೆದೇ ನೋಡುತ್ತಾರೆ. ಪಠ್ಯಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿ ಬರುವ ಕಾಲಗಳು ಅಲ್ಲಿ ಒಂದೇ ಬೀದಿಯಲ್ಲಿ ಅಕ್ಕಪಕ್ಕ ನಿಂತಿರುತ್ತವೆ. ಬೆಳಗಾವಿಯೂ ಅಂಥದೇ ಊರು. ಖಾನಾಪುರದಿಂದ ಬೆಳಗಿನ ಬಸ್ಸು ಅಥವಾ ರೈಲು ಹಿಡಿದರೆ ಒಂದು ಹಗಲು ಸಾಕು.

ಬೆಳಿಗ್ಗೆ: ಕಂದಕದ ದಂಡೆ

ಬೆಳಗಾವಿಯ ಕೇಂದ್ರ ಬಸ್ ನಿಲ್ದಾಣದಿಂದ ಕೋಟೆ ಕೆಲವೇ ನಿಮಿಷಗಳ ನಡಿಗೆ. ಒಳಗೆ ಹೋಗುವ ಮುನ್ನ ಕಂದಕದ ದಂಡೆಯಲ್ಲಿ ಸ್ವಲ್ಪ ನಿಲ್ಲಿ. ಕಂದಕ ಶತ್ರುವನ್ನು ದೂರ ಇಡುವುದಕ್ಕೆ ಮಾತ್ರವೇ? ಅಲ್ಲ. ನೀರು ತುಂಬಿದ ಕಂದಕದ ಕೆಳಗೆ ಸುರಂಗ ತೋಡಲು ಹೋದರೆ ನೀರು ಒಳಗೆ ಜಿನುಗುತ್ತದೆ, ಸಿಡಿಮದ್ದು ಒದ್ದೆಯಾಗುತ್ತದೆ. ಬಹಮನಿ ರಾಜ್ಯದ ಮಂತ್ರಿ ಮಹಮದ್ ಗವಾನ್ 1472-73ರಲ್ಲಿ ಈ ಕೋಟೆಗೆ ಮುತ್ತಿಗೆ ಹಾಕಿದಾಗ ಎದುರಾದದ್ದು ಇದೇ ತೊಡಕು. ಅವನ ಸೈನ್ಯ ಕಂದಕವನ್ನು ದಾಟುವ ದಾರಿ ಹುಡುಕಿ, ಗೋಡೆಯ ಬುಡಕ್ಕೆ ಸುರಂಗ ತೋಡಿ, ಮದ್ದು ಸಿಡಿಸಿ ಒಳನುಗ್ಗಿತು. ದಖ್ಖಣದಲ್ಲಿ ಕೋಟೆಯ ಗೋಡೆಯನ್ನು ಮದ್ದಿನಿಂದ ಒಡೆದ ಮೊದಲ ಪ್ರಸಂಗಗಳಲ್ಲಿ ಇದೂ ಒಂದು. ಈಗ ಗೋಡೆಯ ದಪ್ಪವನ್ನು ಕಣ್ಣಿನಿಂದಲೇ ಅಳೆಯಿರಿ. ಅಷ್ಟು ದಪ್ಪ ಏಕೆ ಬೇಕಾಯಿತೆಂದು ತಾನಾಗಿ ಹೊಳೆಯುತ್ತದೆ.

ನಡು ಹಗಲು: ಕಮಲ ಬಸದಿ

ಕೋಟೆಯ ಒಳಗಿನ ಕಮಲ ಬಸದಿಯನ್ನು 1204ರಲ್ಲಿ ಕಟ್ಟಿಸಿದವನು ರಟ್ಟ ಅರಸು ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ. ಆಗ ಈ ಊರಿನ ಹೆಸರು ವೇಣುಗ್ರಾಮ, ಅಂದರೆ ಬಿದಿರಿನ ಊರು. ಗರ್ಭಗುಡಿಯಲ್ಲಿರುವುದು ತೀರ್ಥಂಕರ ನೇಮಿನಾಥನ ಮೂರ್ತಿ.

ಮಂಟಪದ ನಡುವೆ ನಿಂತು ಮೇಲೆ ನೋಡಿ. ಛಾವಣಿಯಿಂದ ಕಲ್ಲಿನ ಕಮಲವೊಂದು ಕೆಳಮುಖವಾಗಿ ಇಳಿಬಿದ್ದಿದೆ. ಬಸದಿಗೆ ಹೆಸರು ಬಂದದ್ದು ಅದರಿಂದಲೇ. ಅಷ್ಟು ಭಾರದ ಛಾವಣಿ ಕೆಳಗೆ ಬೀಳದೆ ನಿಂತಿರುವುದು ಹೇಗೆ? ಕಲ್ಲುಗಳನ್ನು ಸುತ್ತು ಸುತ್ತಾಗಿ ಜೋಡಿಸಿದ್ದಾರೆ. ಪ್ರತಿ ಸುತ್ತೂ ತನ್ನ ಕೆಳಗಿನ ಸುತ್ತಿಗಿಂತ ತುಸು ಒಳಕ್ಕೆ ಚಾಚಿದೆ. ಚಾಚಿದ ತುದಿ ಕೆಳಗೆ ಬಾಗದಂತೆ ಅದರ ಹಿಂಭಾಗದ ಮೇಲೆ ಮುಂದಿನ ಕಲ್ಲುಗಳ ಭಾರ ಕುಳಿತಿದೆ. ಮೇಜಿನ ಅಂಚಿನಲ್ಲಿ ಪುಸ್ತಕಗಳನ್ನು ಒಂದರ ಮೇಲೊಂದು ಸ್ವಲ್ಪ ಸ್ವಲ್ಪವೇ ಮುಂದೆ ಸರಿಸಿ ಜೋಡಿಸಿ ನೋಡಿ, ತತ್ವ ತಿಳಿಯುತ್ತದೆ.

ಇಲ್ಲೊಂದು ನೋವಿನ ಸಂಗತಿಯೂ ಇದೆ. ಬೀಚಿರಾಜ ಕಟ್ಟಿಸಿದ ರಟ್ಟ ಜಿನಾಲಯಕ್ಕೆ ದೊರೆತ ದಾನದತ್ತಿಗಳನ್ನು ಹೇಳುವ, ಶಕ 1127ರ ಎರಡು ಶಾಸನಗಳು ಇಂದು ಬೆಳಗಾವಿಯಲ್ಲಿಲ್ಲ. ಅವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಕಟ್ಟಡ ಇಲ್ಲಿ, ಅದರ ದಾಖಲೆ ಅಲ್ಲಿ. ಶಾಸನಗಳನ್ನು ವಿದ್ವಾಂಸರು ಓದಿ ಅಚ್ಚು ಹಾಕಿಸಿದ್ದರಿಂದ ವಿಷಯ ನಮಗೆ ತಿಳಿಯಿತು. ಓದುವ ಮೊದಲೇ ಒಡೆದುಹೋದ ಕಲ್ಲುಗಳು ಹೇಳಬೇಕಾಗಿದ್ದ ಮಾತು ಮಾತ್ರ ಯಾರಿಗೂ ಸಿಗಲಾರದು.

ಸಫಾ ಮಸೀದಿಯ ಕಂಬಗಳು

ಅದೇ ಕೋಟೆಯಲ್ಲಿ ಆದಿಲ್‌ಶಾಹಿ ಕಾಲದ ಸಫಾ ಮಸೀದಿಯಿದೆ. 16ನೆಯ ಶತಮಾನದ ಈ ಕಟ್ಟಡದಲ್ಲಿ ಅದಕ್ಕಿಂತ ಹಳೆಯ ಕಂಬಗಳಿವೆ. ಅವುಗಳ ಮೇಲಿನ ಶಾಸನಗಳಲ್ಲಿ ಒಂದು ರಟ್ಟರ ಕಾಲದ್ದು, ಇನ್ನೊಂದು ಸೇವುಣರ ಕಾಲದ್ದು. ಹಳೆಯ ಕಟ್ಟಡದ ಕಲ್ಲನ್ನು ಹೊಸದಕ್ಕೆ ಬಳಸುವುದು ಜಗತ್ತಿನ ಎಲ್ಲೆಡೆ ಇದ್ದ ರೂಢಿ. ರೋಮ್ ನಗರದ ಸಾಂತಾ ಮರಿಯಾ ಇನ್ ತ್ರಾಸ್ತೇವೆರೆ ಎಂಬ ಚರ್ಚನ್ನು 12ನೆಯ ಶತಮಾನದಲ್ಲಿ ಮತ್ತೆ ಕಟ್ಟಿದಾಗ ಹಳೆಯ ರೋಮನ್ ಸ್ನಾನಗೃಹದ ಕಂಬಗಳನ್ನು ತಂದು ನಿಲ್ಲಿಸಿದರು. ಹೀಗೆ ಒಂದೇ ಕಂಬ ಎರಡು ಕಾಲಗಳ ಸಾಕ್ಷಿಯಾಗುತ್ತದೆ. ಯಾರು ಯಾರನ್ನು ಗೆದ್ದರು ಎಂಬಷ್ಟಕ್ಕೇ ನಿಲ್ಲದೆ, ಕಂಬದ ಮೇಲೆ ಏನು ಬರೆದಿದೆ ಎಂದು ಕೇಳುವವನೇ ಇತಿಹಾಸದ ವಿದ್ಯಾರ್ಥಿ.

ಸಂಜೆ: ಟಿಳಕವಾಡಿಯ ಬಾವಿ

1818ರಲ್ಲಿ ಕೋಟೆ ಬ್ರಿಟಿಷರ ಕೈಸೇರಿತು. ಅದರ ಮುಂದಿನ ಕಥೆ ತಿಳಿಯಲು ಊಟ ಮುಗಿಸಿ ಟಿಳಕವಾಡಿಯ ಕಡೆಗೆ ಹೆಜ್ಜೆ ಹಾಕಿ. ನಿಧಾನವಾಗಿ ನಡೆದರೆ ಸುಮಾರು ಒಂದು ಗಂಟೆ. ರೈಲು ಹಳಿಯ ಪಕ್ಕದ ಕಾಂಗ್ರೆಸ್ ರಸ್ತೆಯ ಹೆಸರೇ ನಿಮಗೆ ಸುಳಿವು ಕೊಡುತ್ತದೆ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆದದ್ದು ಇಲ್ಲಿ. ಅಧಿವೇಶನದ ಬಯಲಿಗೆ ವಿಜಯನಗರ ಎಂದು ಹೆಸರಿಟ್ಟಿದ್ದರು. ಬರುವ ಸಾವಿರಾರು ಜನರಿಗೆ ನೀರು ಬೇಕೆಂದು ಬಾವಿ ತೋಡಿಸಿ ಅದನ್ನು ಪಂಪಾ ಸರೋವರ ಎಂದು ಕರೆದರು. ಹನ್ನೊಂದು ವರ್ಷದ ಬಾಲೆ ಗಂಗೂಬಾಯಿ ಹಾನಗಲ್ ಅಲ್ಲಿ ಹಾಡಿದ್ದರು. ಕರ್ನಾಟಕ ಏಕೀಕರಣದ ಮೊದಲ ಪರಿಷತ್ತು ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಸೇರಿದ್ದೂ ಅದೇ ಸಮಯದಲ್ಲಿ. ವೀರಸೌಧದ ಆವರಣ ಹಾಗೂ ಆ ಬಾವಿ ಇಂದಿಗೂ ಇವೆ. ಬೆಳಿಗ್ಗೆ 1204, ಸಂಜೆ 1924: ನೀವು ದಾಟಿದ್ದು 720 ವರ್ಷ!

ನೀವೂ ಹೊರಡಿ

ದೂರದರ್ಶನದ ಕ್ಯಾಮೆರಾ ನಿಮಗೆ ಕಮಲವನ್ನು ಹತ್ತಿರದಿಂದ ತೋರಿಸಬಲ್ಲದು. ಆದರೆ ಬಸದಿಯಿಂದ ಮಸೀದಿಗೆ ಎಷ್ಟು ಹೆಜ್ಜೆ ಎಂಬುದು ನಿಮ್ಮ ಕಾಲಿಗೆ ಮಾತ್ರ ತಿಳಿಯುತ್ತದೆ. ಹೊರಡುವಾಗ ಕೆಲವು ಮಾತು ನೆನಪಿರಲಿ.

ಕೋಟೆಯ ಕೆಲವು ಭಾಗಗಳು ಸೇನೆಯ ವಶದಲ್ಲಿವೆ. ಕೇಳಿಕೊಂಡೇ ಮುಂದೆ ಹೋಗಿ. ಬಸದಿ, ಮಸೀದಿಗಳಲ್ಲಿ ಪಾದರಕ್ಷೆ ಹೊರಗಿಡಿ. ಶಾಸನದ ಅಕ್ಷರ ಕಾಣದಿದ್ದರೆ ಸುಣ್ಣವನ್ನಾಗಲಿ, ಎಣ್ಣೆಯನ್ನಾಗಲಿ ಹಚ್ಚಬೇಡಿ, ಕಲ್ಲು ಹಾಳಾಗುತ್ತದೆ. ಬದಲಿಗೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಕೊರೆದ ಗೆರೆಗಳೊಳಗೆ ನೆರಳು ಬಿದ್ದು ಅಕ್ಷರಗಳು ಎದ್ದು ಕಾಣುತ್ತವೆ. ನಿಮ್ಮ ಹೆಸರನ್ನು ನೋಟುಬುಕ್ಕಿನಲ್ಲಿ ಬರೆಯಿರಿ, ಕಂಬದ ಮೇಲೆ ಬೇಡ.

ಖಾನಾಪುರದ ವಿದ್ಯಾರ್ಥಿಗಳಿಗೆ ಇನ್ನೊಂದು ಭಾನುವಾರದ ಕೆಲಸವೂ ಇದೆ. ನಿಮ್ಮ ತಾಲೂಕಿನ ಹಲಸಿಯೇ ಹಿಂದೆ ಕದಂಬರ ಪಲಾಶಿಕಾ ನಗರ. ಅಲ್ಲಿ ಸಿಕ್ಕ ತಾಮ್ರಪಟಗಳು ಕಮಲ ಬಸದಿಗಿಂತ ಸುಮಾರು ಏಳು ಶತಮಾನ ಹಳೆಯವು. ಅಲ್ಲಿಗೂ ಹೋಗಿ ಬನ್ನಿ. ಈ ಸಲ ಕಿಟಕಿಯಿಂದ ನೋಡಿ ಮುಂದೆ ಸಾಗಬೇಡಿ, ಇಳಿದು ನಡೆಯಿರಿ.