ಶಾಲೆ ಬಿಟ್ಟ ಮೇಲೆ

ಕನ್ನಡದಲ್ಲಿ ‘ಶಾಲೆ ಬಿಡುವುದು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಸಂಜೆಯ ಗಂಟೆ ಬಾರಿಸಿದೊಡನೆ ಶಾಲೆ ಬಿಡುತ್ತದೆ. ಓದು ನಡುವಿನಲ್ಲಿ ಮುರಿದಾಗ ಮಗು ಶಾಲೆ ಬಿಡುತ್ತದೆ. ಎರಡನೆಯ ಅರ್ಥದ ಬಿಡುವಿಕೆ ನಮ್ಮ ದಕ್ಷಿಣ ಕನ್ನಡದ ಹುಡುಗಿಯರಲ್ಲಿ ಈಗ ವಿರಳ. ಹತ್ತನೆಯ ತರಗತಿಯ ಫಲಿತಾಂಶ ಬಂದಾಗ ಜಿಲ್ಲೆಯ ಹೆಸರು ಮೇಲಿನ ಸಾಲಿನಲ್ಲಿರುವುದನ್ನು ಪತ್ರಿಕೆಯಲ್ಲಿ ನೋಡಿ ನಾವು ಹಿಗ್ಗುತ್ತೇವೆ. ಹಿಗ್ಗುವುದು ತಪ್ಪಲ್ಲ. ಆದರೆ ಮೊದಲನೆಯ ಅರ್ಥದಲ್ಲಿ ಶಾಲೆ ಬಿಟ್ಟ ಮೇಲೆ ಈ ಹುಡುಗಿಯರು ಎಲ್ಲಿಗೆ ಹೋಗುತ್ತಾರೆ, ಏನು ಮಾಡುತ್ತಾರೆ ಎಂಬುದನ್ನು ಯಾರೂ ಕೇಳಿದಂತಿಲ್ಲ.

ಹುಡುಗರು ಹೋಗುವ ಕಡೆ ಕಣ್ಣಿಗೆ ಕಾಣುತ್ತದೆ. ಊರಿನ ಮೈದಾನ, ಕಟ್ಟೆ, ಸೇತುವೆಯ ಕಂಬಿ, ಹೊಳೆಯ ಗುಂಡಿ ಎಲ್ಲವೂ ಅವರದೇ. ಹುಡುಗಿಯರು ಮಾತ್ರ ಒಂದೊಂದು ಓಣಿಯ ಬಾಯಿಯಲ್ಲಿ ಒಬ್ಬೊಬ್ಬಳಾಗಿ ತಿರುಗಿ ಅಡಕೆ ತೋಟದ ನೆರಳಿನೊಳಗೆ ಮರೆಯಾಗುತ್ತಾರೆ.

ನಾನು ಪುತ್ತೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವಳು. ಮೂರು ವರ್ಷಗಳಿಂದ ವಾರಕ್ಕೆ ಎರಡು ಸಂಜೆ ಕಾಣಿಯೂರಿನ ದಾರಿಯಾಗಿ ಬಸ್ಸು ಹಿಡಿದು, ಪುತ್ತೂರು ಸುಳ್ಯಗಳ ಹಳ್ಳಿಗಳನ್ನು ಬಿಡಿಸಿಕೊಂಡು ಹುಟ್ಟಿದ ಕಡಬ ತಾಲ್ಲೂಕಿನ ಒಂದು ಊರಿಗೆ ಹೋಗಿಬರುತ್ತಿದ್ದೇನೆ. ಅಲ್ಲಿನ ಪಂಚಾಯತಿ ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ನಾಲ್ಕೂವರೆಯಿಂದ ಐದೂಮುಕ್ಕಾಲರವರೆಗೆ ಹುಡುಗಿಯರ ಒಂದು ಕೂಟ ನಡೆಯುತ್ತದೆ. ನಾಲ್ಕನೆಯ ತರಗತಿಯಿಂದ ಎಂಟನೆಯದರವರೆಗಿನ ಹದಿನೈದು ಹದಿನಾರು ಮಂದಿ. ಗ್ರಂಥಾಲಯದ ಮೇಲ್ವಿಚಾರಕಿ, ನಿವೃತ್ತ ಅಧ್ಯಾಪಿಕೆಯೊಬ್ಬರು, ನಾನು. 2020ರಲ್ಲಿ ಸರಕಾರ ‘ಓದುವ ಬೆಳಕು’ ಎಂಬ ಹೆಸರಿನಲ್ಲಿ ಹಳ್ಳಿಯ ಗ್ರಂಥಾಲಯಗಳಿಗೆ ಮಕ್ಕಳನ್ನು ಶುಲ್ಕವಿಲ್ಲದೆ ಸದಸ್ಯರನ್ನಾಗಿ ಮಾಡಿಕೊಳ್ಳುವ ಏರ್ಪಾಡು ಮಾಡಿದ್ದರಿಂದ ನಮಗೆ ಒಂದು ಬಾಗಿಲು ಸಿಕ್ಕಿತು. ಬಾಗಿಲು ಸಿಕ್ಕರೆ ಸಾಲದು, ಮನೆಗೆ ಮರಳುವ ದಾರಿಯೂ ಬೇಕು. 2023ರ ಜೂನ್ ತಿಂಗಳಿನಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿಲ್ಲವಾದುದು ದೂರದ ಮೂವರನ್ನು ನಮ್ಮಲ್ಲಿಗೆ ತಂದಿತು. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿ, ಮುಂದೆ ಅಂಥವನ್ನು ನೂರಕ್ಕೂ ಮೀರಿ ಕಟ್ಟಿದರಷ್ಟೆ; ಅಂಥ ಸೇತುವೆಗಳ ಲಾಭ ಯಾರಿಗೆ ಎಂದು ಕೇಳಿದರೆ, ಮಳೆಗಾಲದ ಸಂಜೆ ಆರು ಗಂಟೆಗೆ ಪುಸ್ತಕದ ಚೀಲ ಹೊತ್ತು ಹೊಳೆ ದಾಟಬೇಕಾದ ಹುಡುಗಿಗೆ ಎಂದು ಹೇಳಬೇಕು.

ಇಂಥ ಕೂಟ ನಮ್ಮಲ್ಲಿ ಹೊಸತೇನಲ್ಲ. ಬಾಲ್ಯದಲ್ಲಿಯೇ ವೈಧವ್ಯಕ್ಕೆ ಸಿಕ್ಕಿ, ಅದನ್ನು ಲೆಕ್ಕಿಸದೆ ‘ಸರಸ್ವತಿ’ ಪತ್ರಿಕೆಯನ್ನು ಸುಮಾರು ನಾಲ್ಕು ದಶಕ ನಡೆಸಿದ ಆರ್. ಕಲ್ಯಾಣಮ್ಮನವರು 1938ರಲ್ಲಿ ಬೆಂಗಳೂರಿನಲ್ಲಿ ‘ಮಕ್ಕಳ ಕೂಟ’ವನ್ನು ಕಟ್ಟಿದರು. ತನಗೆ ದಕ್ಕದ ಬಾಲ್ಯವನ್ನು ಇತರರ ಮಕ್ಕಳಿಗೆ ಹಂಚಿದವರು ಅವರು. ಅದಕ್ಕೂ ಮುನ್ನವೇ ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ಬಾಲವನದಲ್ಲಿ ಮಕ್ಕಳನ್ನು ಆಟಕ್ಕೂ ಕುಣಿತಕ್ಕೂ ನಾಟಕಕ್ಕೂ ಹಚ್ಚಿದ್ದರು. ಮೂರು ಸಂಪುಟಗಳ ‘ಬಾಲಪ್ರಪಂಚ’ ಅದೇ ದಶಕದ ಬೆಳೆ. ಪರ್ಲಡ್ಕದ ಆ ಬಾಲವನಕ್ಕೆ ನಮ್ಮ ಕೂಟದ ಹುಡುಗಿಯರನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆವು. ‘ಇವರಿಗೆ ಬೇರೆ ಕೆಲಸ ಇರಲಿಲ್ಲವೋ?’ ಎಂದು ಐದನೆಯ ತರಗತಿಯವಳೊಬ್ಬಳು ಕೇಳಿದಳು. ಕಾರಂತರಿಗೆ ಇದ್ದಷ್ಟು ಕೆಲಸ ಇನ್ನಾರಿಗಿತ್ತು! ಆದರೆ ಆಟವೆಂಬುದು ಕೆಲಸವಿಲ್ಲದವರ ಸೊತ್ತೆಂದು ಆ ಎಳೆಯ ಮನಸ್ಸು ಆಗಲೇ ತಿಳಿದುಕೊಂಡಿತ್ತಲ್ಲ!

ಕೂಟದಲ್ಲಿ ನಾವು ಮಾಡುವುದು ದೊಡ್ಡದೇನೂ ಅಲ್ಲ. ಕತೆ ಓದುತ್ತೇವೆ, ಚಿತ್ರ ಬರೆಯುತ್ತೇವೆ, ಬಾಯಿಗೆ ಬಂದದ್ದನ್ನು ಹಾಡುತ್ತೇವೆ. ಮೊದಲ ವರ್ಷ ಇವುಗಳಲ್ಲಿ ಜೀವವಿದ್ದಂತೆ ಕಾಣಲಿಲ್ಲ. ಎಲ್ಲರೂ ನೆಟ್ಟಗೆ ಕುಳಿತು, ಕೇಳಿದರೆ ಉತ್ತರ ಕೊಟ್ಟು, ಕೇಳದಿದ್ದರೆ ಸುಮ್ಮನಿರುತ್ತಿದ್ದರು. ಜೀವ ಬಂದುದು ಚೆನ್ನೆಮಣೆಯಿಂದ.

ಆಟಿ ತಿಂಗಳ ಜಡಿಮಳೆಯಲ್ಲಿ ಒಬ್ಬಳು ತನ್ನ ಅಜ್ಜಿಯ ಮನೆಯ ಅಟ್ಟದಿಂದ ಮಣೆಯೊಂದನ್ನು ತಂದಳು. ಹಲಸಿನ ಮರದ್ದು, ಒಂದು ಬದಿಗೆ ಏಳು, ಇನ್ನೊಂದು ಬದಿಗೆ ಏಳು ಗುಂಡಿಗಳು, ಒಂದೊಂದರಲ್ಲಿ ನಾಲ್ಕರಂತೆ ಐವತ್ತಾರು ಕೆಂಪು ಮಂಜೊಟ್ಟಿ ಕಾಳುಗಳು. ಆ ದಿನ ಕೋಣೆಯಲ್ಲಿ ಎಣಿಕೆ ನಾಲ್ಕು ಭಾಷೆಗಳಲ್ಲಿ ನಡೆಯಿತು: ತುಳು, ಅರೆಭಾಷೆ, ಬ್ಯಾರಿ, ಮಲೆಯಾಳ. ಕನ್ನಡ ಬಂದುದು ಜಗಳ ತೀರಿಸುವುದಕ್ಕೆ ಮಾತ್ರ. ಕನ್ನಡದ ಅಧ್ಯಾಪಕಿಯಾದ ನನಗೆ ಇದರಿಂದ ಬೇಸರವಾಗಲಿಲ್ಲ. ನ್ಯಾಯ ಹೇಳುವ ನುಡಿಯಾಗಿ ಅವರು ಅದನ್ನು ಆರಿಸಿಕೊಂಡರಲ್ಲ, ಸಾಕು.

ಆಟಿ ಕಳೆದರೂ ಮಣೆ ಅಟ್ಟಕ್ಕೆ ಮರಳಲಿಲ್ಲ. ಆಗ ನೆರೆಯ ಮನೆಯ ಹಿರಿಯಾಕೆ ಬಂದು ಆಕ್ಷೇಪಿಸಿದರು: ‘ಟೀಚರೇ, ಇದು ಆಟಿಯಲ್ಲಿ ಮಾತ್ರ ಆಡುವ ಆಟ. ಅಕ್ಕತಂಗಿ ಎದುರೆದುರು ಕೂತು ಆಡಲೇಬಾರದು.’ ಹೀಗೆಂದವರು ಹುಡುಗಿಯರ ನಡುವೆಯೇ ಕುಳಿತು ಸಿರಿಯ ಪಾಡ್ದನದ ಅಬ್ಬಗ ದಾರಗರ ಕತೆ ಹೇಳಿದರು. ಅವಳಿಗಳಾದ ಅಕ್ಕತಂಗಿಯರು ಚೆನ್ನೆಯಾಡಲು ಕುಳಿತದ್ದು, ಸೋಲುಗೆಲುವಿನ ಜಗಳ ಹತ್ತಿದ್ದು, ಅದೇ ಮಣೆಯ ಪೆಟ್ಟಿನಿಂದ ಒಬ್ಬಳು ಸತ್ತದ್ದು, ದುಃಖ ತಾಳಲಾರದೆ ಇನ್ನೊಬ್ಬಳು ಬಾವಿಗೆ ಹಾರಿದ್ದು. ಕೋಣೆಯಲ್ಲಿ ಉಸಿರಿನ ಸದ್ದೂ ಇರಲಿಲ್ಲ. ಜಾನಪದದ ಪಾಠವಾಗಿ ನಾನು ಈ ಕತೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಒಮ್ಮೆಯೂ ಹಾಗೆ ಮೌನ ಕವಿದದ್ದಿಲ್ಲ. ಕೊನೆಗೆ ಒಬ್ಬಳು, ‘ಅವರಿಗೆ ಆಡಲಿಕ್ಕೆ ಬೇರೆ ಯಾರೂ ಇರಲಿಲ್ಲವೋ ಅಜ್ಜಿ?’ ಎಂದಳು. ಇಬ್ಬರೇ ಮನೆಯೊಳಗೆ ಕುಳಿತು ಆಡಿದ್ದೇ ಆ ಅನರ್ಥಕ್ಕೆ ಕಾರಣ ಎಂಬುದು ಅವಳ ವ್ಯಾಖ್ಯಾನ. ಹಿರಿಯಾಕೆ ನಕ್ಕು, ‘ನೀವು ಅಕ್ಕತಂಗಿಯರಲ್ಲವಲ್ಲ, ಆಡಿ’ ಎಂದು ಎದ್ದುಹೋದರು.

ಇದಕ್ಕಿಂತ ಕಠಿನವಾದ ಆಕ್ಷೇಪ ತಂದೆತಾಯಿಯರದು. ಕೂಟವೆಂದರೆ ಟ್ಯೂಷನ್ ಎಂದು ತಿಳಿದು ಕಳುಹಿಸಿದ್ದವರು, ಗಣಿತ ಹೇಳಿಕೊಡುವುದಿಲ್ಲವೇಕೆ ಎಂದು ಕೇಳಿದರು. ಅವರನ್ನು ಹಳಿಯಲಾರೆ, ಹೆಣ್ಣುಮಗಳ ಒಂದು ಗಂಟೆಗೆ ಮನೆಯಲ್ಲಿ ಬೆಲೆ ಇರುವಾಗ ಅದಕ್ಕೆ ಬದಲು ಏನಾದರೂ ಸಿಗಬೇಕೆನ್ನುವುದು ಸಹಜವೇ. ನಿವೃತ್ತ ಅಧ್ಯಾಪಿಕೆ ವಾರಕ್ಕೊಂದು ದಿನ ಲೆಕ್ಕ ಹೇಳಿಕೊಡುತ್ತಾರೆ. ಉಳಿದ ದಿನಗಳನ್ನು ಬಿಟ್ಟುಕೊಡಲು ನಾನು ಒಪ್ಪಲಿಲ್ಲ. ಶಾಲೆಯ ಹೊತ್ತು ಪರೀಕ್ಷೆಗೆ ಸೇರಿದ್ದು, ಮನೆಯ ಹೊತ್ತು ಮನೆಗೆ ಸೇರಿದ್ದು. ಯಾರ ಲೆಕ್ಕಕ್ಕೂ ಸೇರದ ಮುಕ್ಕಾಲು ಗಂಟೆಯಾದರೂ ಅವರಿಗಿಲ್ಲದಿದ್ದರೆ ನಾನು ಬಸ್ಸು ಹತ್ತಿ ಅಲ್ಲಿಗೆ ಹೋಗುವುದಾದರೂ ಏತಕ್ಕೆ?

ಕಳೆದ ವರ್ಷ ಏಳನೆಯ ತರಗತಿಯಲ್ಲಿದ್ದ ಹುಡುಗಿಯೊಬ್ಬಳು ದೀಪಾವಳಿಯ ತರುವಾಯ ಬರುವುದನ್ನು ನಿಲ್ಲಿಸಿದಳು. ಚೆನ್ನೆಯಲ್ಲಿ ಅವಳನ್ನು ಸೋಲಿಸಿದವರಿಲ್ಲ. ಎದುರಾಳಿಯ ಕೈ ಏಳುವ ಮೊದಲೇ ಕಾಳು ಎಲ್ಲಿ ಮುಗಿಯುತ್ತದೆಂದು ಹೇಳಬಲ್ಲವಳು. ಶಾಲೆಗೆ ತಪ್ಪದೆ ಹೋಗುತ್ತಿದ್ದಳು, ಕೂಟಕ್ಕೆ ಮಾತ್ರ ಬರುತ್ತಿರಲಿಲ್ಲ. ಮೇಲ್ವಿಚಾರಕಿಯೊಡನೆ ಅವಳ ಮನೆಗೆ ಹೋದೆ. ತಾಯಿ ಜಗಲಿಯಲ್ಲಿ ತಡ್ಪೆಯನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಮಗಳು ಪಕ್ಕದಲ್ಲಿ ಕುಳಿತು ಕಟ್ಟಿದ ಬೀಡಿಗಳ ತಲೆ ಮಡಚುತ್ತಿದ್ದಳು. ಎರಡು ವರ್ಷದ ತಂಗಿ ಎಲೆಯ ಚೂರುಗಳಲ್ಲಿ ಆಡುತ್ತಿತ್ತು.

‘ದೊಡ್ಡವಳಾದಳಲ್ಲ ಟೀಚರೇ, ಇನ್ನೇನು ಆಟ?’ ಎಂದರು ತಾಯಿ. ಆ ಬಳಿಕ ನಿಜವಾದ ಕಾರಣ ಹೇಳಿದರು. ನಾಳೆ ಬೆಳಗ್ಗೆ ಬ್ರಾಂಚಿಗೆ ಬೀಡಿ ಕೊಡಬೇಕು. ಮಗಳ ಕೈ ಸೇರಿದರೆ ರಾತ್ರಿ ಹತ್ತಕ್ಕೆ ಮುಗಿಯುತ್ತದೆ, ಸೇರದಿದ್ದರೆ ಹನ್ನೊಂದೂವರೆ. ಈ ಲೆಕ್ಕಕ್ಕೆ ಎದುರಾಡಲು ನನ್ನಲ್ಲಿ ಮಾತಿರಲಿಲ್ಲ. ಹುಡುಗಿ ತಲೆಯೆತ್ತದೆ ತನ್ನ ಕೆಲಸ ಮಾಡುತ್ತಲೇ ಇದ್ದಳು. ಏಳುವ ಮುನ್ನ, ಏನಾದರೂ ಹೇಳಬೇಕೆಂದು, ಚೆನ್ನೆಯಲ್ಲಿ ಅವಳಿಗೆ ಸಮಾನರಿಲ್ಲ ಎಂದೆ. ತಾಯಿಯ ಬೆರಳುಗಳು ನಿಂತವು. ‘ಯಾರು ಕಲಿಸಿದ್ದು?’ ಎಂದು ಮಗಳತ್ತ ನೋಡಿದರು. ‘ನೀನೇ ಅಲ್ಲವೋ ಅಮ್ಮ, ಸಣ್ಣವಳಿರುವಾಗ’ ಎಂದಳು ಅವಳು.

ಜನವರಿಯ ಒಂದು ಶುಕ್ರವಾರ ತಾಯಿ ಮಗಳು ಇಬ್ಬರೂ ಗ್ರಂಥಾಲಯಕ್ಕೆ ಬಂದರು. ತಂಗಿ ಸೊಂಟದ ಮೇಲೆ, ತಡ್ಪೆ ಕಂಕುಳಲ್ಲಿ. ತಾಯಿ ಒಳಗೆ ಬರಲೊಪ್ಪದೆ ಹೊರಜಗಲಿಯಲ್ಲಿ ಗೋಡೆಗೊರಗಿ ಕುಳಿತು ಎಲೆ ಕತ್ತರಿಸತೊಡಗಿದರು. ಒಳಗೆ ಆಟ ನಡೆಯಿತು. ಅರ್ಧ ಆಟದಲ್ಲಿ ಕಿಟಕಿಯ ಸರಳುಗಳಾಚೆಯಿಂದ, ‘ಅದಲ್ಲ, ಆಚೆಯ ಗುಂಡಿ, ಆಚೆಯದು’ ಎಂಬ ಸ್ವರ ಕೇಳಿಬಂತು. ಎದುರಾಳಿ ಹುಡುಗಿ, ಇದು ಮೋಸ ಎಂದು ಕನ್ನಡದಲ್ಲಿ ದೂರು ಕೊಟ್ಟಳು. ನಾನು ದೂರನ್ನು ಎತ್ತಿಹಿಡಿದೆ. ಆ ಬಳಿಕ ಶುಕ್ರವಾರಗಳಲ್ಲಿ ಅವರು ಬರುತ್ತಾರೆ. ಉಳಿದ ದಿನ ಬರುವುದಿಲ್ಲ. ತಂಗಿ ಕಾಳುಗಳನ್ನು ಬಾಯಿಗೆ ಹಾಕಿಕೊಳ್ಳುವುದರಿಂದ ಆಟ ಮುಗಿದ ಮೇಲೆ ಐವತ್ತಾರನ್ನೂ ಎಣಿಸಿಯೇ ಡಬ್ಬಿ ಮುಚ್ಚುತ್ತೇವೆ.