ಪೀಚ್ ಹಣ್ಣಿನ ಒಂದು ತುಂಡು, ನಾಲ್ಕೂವರೆ ತಿಂಗಳ ತಡ

ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ನಿಂತವರಿಗೆ ಊರವರ ಗುರುತು ಬೇಗ ಸಿಗುತ್ತದೆ. ಚೀಟಿ ಇಲ್ಲದೆ ಬರುತ್ತಾರೆ, ಆಚೀಚೆ ನೋಡಿ ಮೆಲ್ಲಗೆ "ಬಾಯಲ್ಲಿ ಹುಣ್ಣಾಗಿದೆ, ಹಚ್ಚಲಿಕ್ಕೆ ಏನಾದರೂ ಕೊಡಿ ಸಾರ್" ಎನ್ನುತ್ತಾರೆ. ಎಷ್ಟು ದಿನವಾಯಿತು ಎಂದು ಕೇಳಿದರೆ ರಂಜಾನಿಗೆ ಮೊದಲೇ ಶುರುವಾದದ್ದು ಎನ್ನುತ್ತಾರೆ. ಡಾಕ್ಟರಿಗೆ ತೋರಿಸಿ ಎಂದರೆ, "ಲೀವಿಗೆ ಊರಿಗೆ ಹೋಗ್ತೇನಲ್ಲ, ಅಲ್ಲೇ ತೋರಿಸ್ತೇನೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಲೀವ್ ಯಾವಾಗ ಎಂದರೆ ಇನ್ನೂ ಆರು ತಿಂಗಳಿದೆ!

ಡಿ.ಫಾರ್ಮ ಓದಿದ ನಾವು ರೋಗ ಕಂಡುಹಿಡಿಯುವವರಲ್ಲ. ಆದರೆ ಬಾಯಿ, ನಾಲಿಗೆ, ಗಂಟಲು, ಧ್ವನಿಪೆಟ್ಟಿಗೆಗಳ ಕ್ಯಾನ್ಸರಿನಲ್ಲಿ ಈ ಆರು ತಿಂಗಳ ಬೆಲೆ ಏನೆಂಬುದು ನಮ್ಮ ಕೈಮೇಲೆ ಹಾದುಹೋಗುವ ಔಷಧಿ ಚೀಟಿಗಳಲ್ಲಿ ಕಾಣುತ್ತದೆ. ಅದನ್ನು ಹೇಳಲು ನ್ಯೂಯಾರ್ಕಿನ ಒಂದು ಹಳೆಯ ಕಥೆಯನ್ನು ಆರಿಸಿಕೊಂಡಿದ್ದೇವೆ. ಅದರಲ್ಲಿ ತಡ ಮಾಡಿದವರು ಓದುಬರಹ ಬಾರದವರಲ್ಲ, ವೈದ್ಯರ ಪರಿಚಯವಿಲ್ಲದವರೂ ಅಲ್ಲ. ಎರಡು ಅವಧಿಗೆ ಅಮೆರಿಕದ ಅಧ್ಯಕ್ಷರಾಗಿದ್ದ ಜನರಲ್ ಯುಲಿಸಿಸ್ ಗ್ರಾಂಟ್.

1884ರ ಜೂನ್ 2. ನ್ಯೂಜೆರ್ಸಿಯ ಕಡಲತೀರದ ಊರು ಲಾಂಗ್ ಬ್ರಾಂಚ್‌ನಲ್ಲಿ ಗ್ರಾಂಟ್ ಅವರ ಬೇಸಿಗೆಯ ಮನೆ. ಊಟದ ಹೊತ್ತಿನಲ್ಲಿ ಪೀಚ್ ಹಣ್ಣಿನ ಒಂದು ತುಂಡು ನುಂಗುವಾಗ ಗಂಟಲಲ್ಲಿ ಏನೋ ಕುಟುಕಿದಂತೆ ಉರಿ. ಹಣ್ಣಿನೊಳಗೆ ಹುಳವಿತ್ತೇನೋ ಎಂದುಕೊಂಡು ನೀರು ಕುಡಿದರು, ನೀರೂ ಉರಿಯಿತು. ಆ ಬೇಸಿಗೆಯಲ್ಲೇ ಅಲ್ಲಿಗೆ ಬಂದಿದ್ದ ಫಿಲಡೆಲ್ಫಿಯಾದ ಡಾ. ಡಾ ಕೋಸ್ಟಾ ಗಂಟಲು ನೋಡಿ, ತಡಮಾಡದೆ ನಿಮ್ಮ ವೈದ್ಯರಿಗೆ ತೋರಿಸಿ ಎಂದರು. ಅವರ ವೈದ್ಯ ಡಾ. ಬಾರ್ಕರ್ ಯುರೋಪಿಗೆ ಹೋಗಿದ್ದರು. ಅವರು ಬರಲಿ ಎಂದು ಗ್ರಾಂಟ್ ಕಾದರು. ನ್ಯೂಯಾರ್ಕಿನಲ್ಲಿ ಆಗ ಬೇರೆ ವೈದ್ಯರಿರಲಿಲ್ಲವೇ? ಬೇಕಾದಷ್ಟಿದ್ದರು.

ಅವರ ತಲೆಯಲ್ಲಿದ್ದದ್ದು ಬೇರೆಯೇ ಚಿಂತೆ. ಅದೇ ಮೇ ತಿಂಗಳಲ್ಲಿ, ಅವರು ಹಣ ಹೂಡಿದ್ದ 'ಗ್ರಾಂಟ್ ಆ್ಯಂಡ್ ವಾರ್ಡ್' ಸಂಸ್ಥೆ ಪಾಲುದಾರನ ಮೋಸದಿಂದ ಮುಳುಗಿತ್ತು. ಮನೆಖರ್ಚಿಗೂ ಕಷ್ಟ, ಮೇಲೆ ಸಾಲ. ಪತ್ರಿಕೆಗೆ ಯುದ್ಧದ ಲೇಖನಗಳನ್ನು ಬರೆದು ಸಂಪಾದಿಸಲು ತೊಡಗಿದ್ದರು. ಸಾಲ ತೀರಲಿ, ಕೆಲಸ ಒಂದು ಹಂತಕ್ಕೆ ಬರಲಿ, ಆಮೇಲೆ ಆರೋಗ್ಯ ನೋಡೋಣ ಎಂಬ ಈ ಲೆಕ್ಕಾಚಾರ ಗಲ್ಫ್‌ನಲ್ಲಿರುವ ನಮಗೆ ಹೊಸದಲ್ಲ.

ಗಂಟಲು ತಜ್ಞ ಡಾ. ಜಾನ್ ಹ್ಯಾನ್‌ಕಾಕ್ ಡಗ್ಲಾಸ್ ಅವರ ಮುಂದೆ ಗ್ರಾಂಟ್ ಬಾಯಿ ತೆರೆದದ್ದು ಅಕ್ಟೋಬರ್ 22ಕ್ಕೆ. ಅಷ್ಟರಲ್ಲಿ ನಾಲ್ಕೂವರೆ ತಿಂಗಳು ಕಳೆದಿತ್ತು. ನಾಲಿಗೆಯ ಬುಡದ ಬಲಭಾಗದಲ್ಲಿ ಗಡ್ಡೆ, ಕುತ್ತಿಗೆಯ ಗ್ರಂಥಿಯಲ್ಲೂ ಊತ. ಇದು ಕ್ಯಾನ್ಸರೇ ಎಂದು ಗ್ರಾಂಟ್ ನೇರವಾಗಿ ಕೇಳಿದರೂ ವೈದ್ಯರು ಆ ಪದವನ್ನು ಬಳಸದೆ, ಕಾಯಿಲೆ ಗಂಭೀರ, ಕೆಲವೊಮ್ಮೆ ಗುಣವಾಗುತ್ತದೆ ಎಂದಷ್ಟೇ ಹೇಳಿದರು. ಚೂರು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತಪಡಿಸಿದ್ದು 1885ರ ಫೆಬ್ರವರಿಯಲ್ಲಿ. ಶಸ್ತ್ರಚಿಕಿತ್ಸೆಯ ಹಂತ ದಾಟಿತ್ತು. ಆಗ ಎಕ್ಸ್-ರೇ ಇರಲಿಲ್ಲ, ರೇಡಿಯಂ ಗೊತ್ತಿರಲಿಲ್ಲ. ವೈದ್ಯರ ಕೈಯಲ್ಲಿದ್ದದ್ದು ಬಾಯಿ ಮುಕ್ಕಳಿಸುವ ದ್ರಾವಣ, ಅಯೋಡೋಫಾರ್ಮ್, ಮಾರ್ಫಿನ್, ಮತ್ತು ಗಂಟಲಿಗೆ ಹಚ್ಚಲು ಕೊಕೇನ್ ದ್ರಾವಣ. ನಮ್ಮ ವೃತ್ತಿಯವರಿಗೆ ಈ ಕೊನೆಯದು ಕುತೂಹಲದ ವಿಷಯ: ಕೊಕೇನ್ ಹಚ್ಚಿ ಮರಗಟ್ಟಿಸಬಹುದೆಂದು ವಿಯೆನ್ನಾದ ಕಾರ್ಲ್ ಕೊಲ್ಲರ್ ಜಗತ್ತಿಗೆ ತಿಳಿಸಿ ಆಗಿನ್ನೂ ಕೆಲವೇ ತಿಂಗಳಾಗಿತ್ತು.

ಗ್ರಾಂಟ್ ಸಾಯುವವರೆಗೂ ಬರೆದರು. ಧ್ವನಿ ಹೋದ ಮೇಲೆ ವೈದ್ಯರೊಂದಿಗೂ ಚೀಟಿ ಬರೆದೇ ಮಾತು. ಆತ್ಮಕಥೆ ಮುಗಿಸಿದ ಕೆಲವೇ ದಿನಗಳಲ್ಲಿ, 1885ರ ಜುಲೈ 23ರಂದು ತೀರಿಕೊಂಡರು. ಮಾರ್ಕ್ ಟ್ವೇನ್ ಅವರ ಪ್ರಕಾಶನ ಸಂಸ್ಥೆ ಹೊರತಂದ ಆ ಪುಸ್ತಕದಿಂದ ಪತ್ನಿ ಜೂಲಿಯಾ ಅವರಿಗೆ ನಾಲ್ಕು ಲಕ್ಷ ಡಾಲರಿಗೂ ಹೆಚ್ಚು ಬಂತು. ಸಂಸಾರ ದಡ ಸೇರಿತು, ನಿಜ. ಆದರೆ ಅವರಿಗೆ ವಯಸ್ಸು ಬರೀ 63.

ನ್ಯೂಯಾರ್ಕ್ ಕ್ಯಾನ್ಸರ್ ಆಸ್ಪತ್ರೆ ಸ್ಥಾಪನೆಯಾದದ್ದೂ ಅದೇ 1884ರಲ್ಲಿ. ಇಂದು ಅದು ಮೆಮೋರಿಯಲ್ ಸ್ಲೋನ್ ಕೆಟರಿಂಗ್. ಅಲ್ಲಿನ ತಲೆ-ಕುತ್ತಿಗೆ ವಿಭಾಗವನ್ನು ಕಟ್ಟಿದ ಹೇಯ್ಸ್ ಮಾರ್ಟಿನ್ 1930ರಲ್ಲಿ ಎಡ್ವರ್ಡ್ ಎಲ್ಲಿಸ್ ಜೊತೆ ಒಂದು ಪ್ರಬಂಧ ಪ್ರಕಟಿಸಿದರು. ಗಂಟಿಗೆ ಸೂಜಿ ಚುಚ್ಚಿ, ಸಿರಿಂಜಿನಿಂದ ಒಂದಿಷ್ಟು ಜೀವಕೋಶ ಎಳೆದು, ಗಾಜಿನ ಮೇಲೆ ಹರಡಿ ನೋಡುವ ವಿಧಾನ ಅದು. ಇಂದು ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕುತ್ತಿಗೆಯ ಗಂಟಿಗೆ 'ಎಫ್‌ಎನ್‌ಎಸಿ' ಎಂದು ಬರೆದುಕೊಡುವುದು ಇದರ ಮುಂದುವರಿದ ರೂಪವನ್ನೇ. "ಸೂಜಿ ಚುಚ್ಚಿದರೆ ಹರಡ್ತದಂತೆ" ಎಂದು ಹೆದರಿ ಪರೀಕ್ಷೆ ಬಿಟ್ಟು ಬಂದವರಿದ್ದಾರೆ. ಹತ್ತಿರ ಹತ್ತಿರ ನೂರು ವರ್ಷದ ಅನುಭವ ಆ ಹೆದರಿಕೆಯ ಪರವಾಗಿಲ್ಲ. ಮಾರ್ಟಿನ್ ಇನ್ನೊಂದು ವಿಷಯವನ್ನೂ ಒತ್ತಿ ಹೇಳುತ್ತಿದ್ದರು: ದೊಡ್ಡವರ ಕುತ್ತಿಗೆಯಲ್ಲಿ ಗಂಟು ಕಂಡರೆ ಅದನ್ನು ಕೊಯ್ದು ತೆಗೆಯುವ ಮೊದಲು ಬಾಯಿ, ಮೂಗಿನ ಹಿಂಭಾಗ, ಗಂಟಲನ್ನೆಲ್ಲ ಹುಡುಕಿ ನೋಡಬೇಕು, ಮೂಲ ಅಲ್ಲೆಲ್ಲೋ ಇರಬಹುದು. ಬರೋಡಾದಲ್ಲಿ ವೈದ್ಯಕೀಯ ಓದಿ ನ್ಯೂಯಾರ್ಕಿಗೆ ಹೋದ ಡಾ. ಜತಿನ್ ಶಾ ಮುಂದೆ ಇದೇ ವಿಭಾಗದ ಮುಖ್ಯಸ್ಥರಾದರು. ಅವರ ಪಠ್ಯಪುಸ್ತಕವನ್ನು ನಮ್ಮ ಊರಿನ ಶಸ್ತ್ರಚಿಕಿತ್ಸಕರೂ ಓದುತ್ತಾರೆ.

ಯಾವಾಗ ತೋರಿಸಬೇಕು? ಮೂರು ವಾರ ದಾಟಿದ ಬಾಯಿ ಹುಣ್ಣು, ಮೂರು ವಾರ ದಾಟಿದ ಧ್ವನಿ ಒಡಕು, ನೋವಿಲ್ಲದ ಕುತ್ತಿಗೆ ಗಂಟು, ಕೆನ್ನೆಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ನುಂಗುವಾಗ ಒಂದೇ ಬದಿಯಲ್ಲಿ ನೋವು ಇದ್ದರೆ ಲೀವಿಗೆ ಕಾಯಬೇಡಿ. ನೋವಿಲ್ಲವೆಂದು ಧೈರ್ಯ ತಂದುಕೊಳ್ಳಬೇಡಿ. ಶುರುವಿನಲ್ಲಿ ಎಷ್ಟೋ ಸಲ ನೋವೇ ಇರುವುದಿಲ್ಲ. ನಾವು ಕೊಡುವ ಜೆಲ್ ಉರಿಯನ್ನು ಮರಗಟ್ಟಿಸುತ್ತದೆ, ಬಿ-ಕಾಂಪ್ಲೆಕ್ಸ್ ಮಾತ್ರೆ ವಿಟಮಿನ್ ಕೊರತೆಯ ಹುಣ್ಣನ್ನು ವಾಸಿಮಾಡುತ್ತದೆ. ಗಡ್ಡೆಯ ಮೇಲೆ ಎರಡಕ್ಕೂ ಅಧಿಕಾರವಿಲ್ಲ. ಗುಟ್ಕಾ, ತಂಬಾಕು ಹಾಕಿದ ಎಲೆಯಡಿಕೆ ತಿನ್ನುವವರು ನಿಮ್ಮದೇ ಮೂರು ಬೆರಳನ್ನು ನಿಲ್ಲಿಸಿ ಬಾಯಿಗೆ ಹಾಕಿ ನೋಡಿ. ಹೋಗದಿದ್ದರೆ ಕೆನ್ನೆಯ ಒಳಪದರ ಬಿಗಿಯಾಗುತ್ತಿರಬಹುದು. ಅದೂ ಕ್ಯಾನ್ಸರಿಗೆ ಮೊದಲ ಮೆಟ್ಟಿಲಾಗಬಲ್ಲದು. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ಅಡಿಕೆ ತೋಟದ ಹಣದಿಂದ ಓದಿದವರು ನಮ್ಮ ನಡುವೆ ಬಹಳ ಮಂದಿ. ಇದನ್ನು ಬರೆಯುವುದು ನಮಗೂ ಖುಷಿಯ ಕೆಲಸವಲ್ಲ.

ಬಯಾಪ್ಸಿಯಲ್ಲಿ ಖಚಿತವಾದ ಮೇಲೆ ಸ್ಕ್ಯಾನ್, ಆಮೇಲೆ ಚಿಕಿತ್ಸೆಯ ತೀರ್ಮಾನ. ಬಾಯಿಯ ಕ್ಯಾನ್ಸರಿಗೆ ಸಾಮಾನ್ಯವಾಗಿ ಮೊದಲು ಆಪರೇಷನ್. ಮೊದಲ ಹಂತದಲ್ಲೇ ಸಿಕ್ಕರೆ ಎಷ್ಟೋ ಮಂದಿಗೆ ಅಷ್ಟರಲ್ಲೇ ಮುಗಿಯುತ್ತದೆ. "ಹುಣ್ಣಿರುವುದು ನಾಲಿಗೆಯಲ್ಲಿ, ಕುತ್ತಿಗೆ ಯಾಕೆ ಕೊಯ್ತಾರೆ?" ಎಂದು ಮನೆಯವರು ಕೇಳುತ್ತಾರೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ 2015ರಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ಆರಂಭದ ಹಂತದ ಬಾಯಿ ಕ್ಯಾನ್ಸರಿನಲ್ಲಿ ಕುತ್ತಿಗೆಯ ಗ್ರಂಥಿಗಳನ್ನೂ ಮೊದಲೇ ತೆಗೆದವರಲ್ಲಿ ಮೂರು ವರ್ಷದ ನಂತರ ಶೇ. 80 ಮಂದಿ ಬದುಕಿದ್ದರು. ಗಂಟು ಕಾಣಿಸಿದ ಮೇಲೆ ತೆಗೆದರಾಯಿತು ಎಂದು ಕಾದವರಲ್ಲಿ ಶೇ. 67.5.

ಮುಂದುವರಿದ ಹಂತಕ್ಕೆ ವಿಕಿರಣ ಬೇಕು: ವಾರಕ್ಕೆ ಐದು ದಿನ, ಆರೇಳು ವಾರ. ಮೂವತ್ತು ದಿನದ ಲೀವಿನಲ್ಲಿ ಮುಗಿಯುವುದಿಲ್ಲ. ಶುರು ಮಾಡಿ ನಡುವೆ ಬಿಟ್ಟು ಬರುವಂತೆಯೂ ಇಲ್ಲ. ಕೆಟ್ಟ ಹಲ್ಲುಗಳನ್ನು ಶುರುವಾಗುವ ಮೊದಲೇ ತೆಗೆಸಬೇಕು. ವಿಕಿರಣ ತಾಗಿದ ದವಡೆಯಿಂದ ಆಮೇಲೆ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಕೊಳೆಯಬಹುದು. ಜೊತೆಗೆ ಕೊಡುವ ಔಷಧಿ ಹೆಚ್ಚಾಗಿ ಸಿಸ್‌ಪ್ಲಾಟಿನ್. ಹಳೆಯದು, ಅಗ್ಗದ್ದು, ಪರಿಣಾಮಕಾರಿ. ಆದರೆ ಮೂತ್ರಪಿಂಡಕ್ಕೂ ಕಿವಿಗೂ ಕಠಿಣ. ಅದಕ್ಕೇ ಪ್ರತಿ ಸಲ ರಕ್ತಪರೀಕ್ಷೆ, ಬಾಟಲಿಗಟ್ಟಲೆ ಗ್ಲೂಕೋಸ್-ಸಲೈನ್. ಆ ದಿನಗಳಲ್ಲಿ ರೂಮಿನ ಗೆಳೆಯ ಕೊಟ್ಟ ಡೈಕ್ಲೋಫೆನಾಕನ್ನು ನುಂಗಿ ಮೂತ್ರಪಿಂಡಕ್ಕೆ ಎರಡನೇ ಪೆಟ್ಟು ಕೊಡಬೇಡಿ. ಕಿವಿಯಲ್ಲಿ ಗುಂಯ್ ಎನ್ನತೊಡಗಿದರೆ ಅದೇ ದಿನ ಹೇಳಿ.

ಧ್ವನಿಪೆಟ್ಟಿಗೆ ತೆಗೆಯಬೇಕಾಗಿ ಬಂದವರು ಗ್ರಾಂಟ್ ಅವರಂತೆ ಚೀಟಿ ಬರೆಯುತ್ತ ಕೂರಬೇಕಿಲ್ಲ. ಬೆಂಗಳೂರಿನ ಶಸ್ತ್ರಚಿಕಿತ್ಸಕ ಡಾ. ವಿಶಾಲ್ ರಾವ್, ಗೆಳೆಯ ಶಶಾಂಕ್ ಮಹೇಶ್ ಅವರ ಜೊತೆ ಸೇರಿ 'ಓಂ' ಎಂಬ ಧ್ವನಿ ಸಾಧನವನ್ನು ರೂಪಿಸಿದ್ದಾರೆ. ಹೊರದೇಶದ ಸಾಧನಕ್ಕೆ ಸಾವಿರಾರು ರೂಪಾಯಿ ಬೀಳುತ್ತಿದ್ದಾಗ, ಇದರ ಬೆಲೆ ಸುಮಾರು 50 ರೂಪಾಯಿ ಇತ್ತು. ಉಸಿರುನಾಳ ಮತ್ತು ಅನ್ನನಾಳದ ನಡುವೆ ಕೂರುವ ಸಣ್ಣ ಸಿಲಿಕೋನ್ ಕವಾಟ ಅಷ್ಟೇ. ಉಸಿರು ಅದರ ಮೂಲಕ ಹಾದು ಮಾತಾಗುತ್ತದೆ.

ಚಿಕಿತ್ಸೆ ಮುಗಿಸಿ ಕೆಲಸಕ್ಕೆ ಮರಳುವವರು ನೋವಿನ ಮಾತ್ರೆಗಳ ಬಗ್ಗೆ ಎಚ್ಚರವಾಗಿರಬೇಕು. ಮಾರ್ಫಿನ್, ಟ್ರಮಡಾಲ್ ಇವೆಲ್ಲ ಗಲ್ಫ್ ದೇಶಗಳಲ್ಲಿ ನಿಯಂತ್ರಿತ ಔಷಧಿಗಳು. ವೈದ್ಯರ ಚೀಟಿ, ಆಸ್ಪತ್ರೆಯ ವರದಿ ಸಾಲದೆ ಬರಬಹುದು. ನೀವಿರುವ ದೇಶದ ಆರೋಗ್ಯ ಇಲಾಖೆಯ ಮುಂಗಡ ಅನುಮತಿ ಬೇಕೇ ಎಂದು ಟಿಕೆಟ್ ಮಾಡಿಸುವ ಮೊದಲೇ ವಿಚಾರಿಸಿ. ಬೇರೆಯವರ ಕೈಯಲ್ಲಿ ಆ ಮಾತ್ರೆ ಕೊಟ್ಟು ಕಳುಹಿಸಬೇಡಿ, ನೀವೂ ಯಾರದ್ದೋ ಪೊಟ್ಟಣ ಹಿಡಿದು ಬರಬೇಡಿ. ಯಾವ ಮಾತ್ರೆ ಯಾವ ಪಟ್ಟಿಯಲ್ಲಿದೆ ಎಂದು ತಿಳಿಯದಿದ್ದರೆ ಅದರ ಹೆಸರು ಬರೆದುಕೊಂಡು ಹತ್ತಿರದ ಆಸ್ಪತ್ರೆಯ ಫಾರ್ಮಸಿಗೆ ಬನ್ನಿ, ನೋಡಿ ಹೇಳುತ್ತೇವೆ.