ಜೇಗಿಟ್ ಲೈಬ್ರರಿಯ ಪರಿಷ್ಕರಣವಿಚಾರ

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಪಾಠಾಂತರಗಳ ತೊಡಕು ಸುಪರಿಚಿತವಾದುದು. ಯಾರು, ಯಾವಾಗ, ಏತಕ್ಕಾಗಿ ತಿದ್ದಿದರೆಂಬುದನ್ನು ಓಲೆಗರಿಗಳು ಪ್ರಾಯಶಃ ಹೇಳುವುದಿಲ್ಲ. ಕಂಪ್ಯೂಟರಿನ ಪ್ರೋಗ್ರಾಮುಗಳಲ್ಲಿ ಈ ವೃತ್ತಾಂತವನ್ನು ಕಾದಿಡುವ ಸಾಧನಗಳ ಪೈಕಿ, 2005ರಲ್ಲಿ ಲೀನಸ್ ಟೋರ್ವಾಲ್ಡ್ಸರು ರಚಿಸಿದ ಗಿಟ್ ಪ್ರಧಾನವಾದುದು. ಅದು ಬಹುಮಟ್ಟಿಗೆ ಸಿ ಭಾಷೆಯಲ್ಲಿರುವುದು. ಅದರ ವ್ಯವಹಾರವನ್ನು ಜಾವಾ ಭಾಷೆಯಲ್ಲಿ ಸ್ವತಂತ್ರವಾಗಿ ನಡೆಯಿಸುವ ಮುಕ್ತಾಕರ ಲೈಬ್ರರಿಯೇ ಜೇಗಿಟ್. ಷಾನ್ ಪಿಯರ್ಸರು ಆರಂಭಿಸಿದ ಈ ಕಾರ್ಯವು 2009ರಲ್ಲಿ ಎಕ್ಲಿಪ್ಸ್ ಸಂಸ್ಥೆಯ ಆಶ್ರಯಕ್ಕೆ ಬಂದಿತು.

ಗಿಟ್ಟಿನಲ್ಲಿ ಪ್ರತಿಯೊಂದು ಪಾಠಕ್ಕೂ ಅದರ ಒಡಲಿನಿಂದಲೇ ಗಣಿಸಿದ 40 ಅಕ್ಷರಗಳ ಹೆಸರುಂಟು; ಈ ಗಣಿತವನ್ನು ಶಾ-1 ಎನ್ನುವರು. ಪ್ರತಿಯೊಂದು ತಿದ್ದುಪಡಿಯ ದಾಖಲೆಯೂ ತನ್ನ ಹಿಂದಿನದರ ಹೆಸರನ್ನು ಒಳಗೊಂಡಿರುವುದರಿಂದ, ನಡುವೆ ಯಾರಾದರೂ ಪ್ರಕ್ಷೇಪವನ್ನು ಮಾಡಿದರೆ ಮುಂದಿನ ಹೆಸರುಗಳೆಲ್ಲ ಬದಲಾಗಿ ಕಳವು ಬಯಲಾಗುವುದು. ಆದಕಾರಣ ಜೇಗಿಟ್ ಬರೆದುದು ಮೂಲವು ಬರೆದುದಕ್ಕೆ ಒಂದು ಬೈಟಿನಷ್ಟೂ ಭಿನ್ನವಾಗಕೂಡದು. ಅರ್ಥಸಾಮ್ಯವಿದ್ದರೆ ಸಾಕೆಂಬ ಭಾಷಾಂತರಕಾರನ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ. 2017ರಲ್ಲಿ ಬೇರೆ ಬೇರೆಯಾದ ಎರಡು ಕಡತಗಳಿಗೆ ಒಂದೇ ಶಾ-1 ಬರುವಂತೆ ವಿದ್ವಾಂಸರು ಮಾಡಿ ತೋರಿಸಿದರು. ಅಂತಹ ಕೃತ್ರಿಮವನ್ನು ಗುರುತಿಸುವ ಪರೀಕ್ಷೆಯು ಅದೇ ವರ್ಷ ಜೇಗಿಟ್ಟಿಗೆ ಸೇರಿತು.

ವ್ಯಾಖ್ಯಾನವು ಮೂಲಕ್ಕೆ ಉಪಕಾರ ಮಾಡಿದುದೂ ಉಂಟು. ಒಂದು ತಿದ್ದುಪಡಿಯಿಂದ ಯಾವ ಯಾವ ವಸ್ತುಗಳನ್ನು ತಲಪಬಹುದೆಂಬುದನ್ನು ಸೊನ್ನೆ ಒಂದುಗಳ ಸಾಲಿನಲ್ಲಿ ಮೊದಲೇ ಬರೆದಿಡುವ ಬಿಟ್‌ಮ್ಯಾಪ್ ಪದ್ಧತಿಯು ಜೇಗಿಟ್ಟಿನಲ್ಲಿ ಹುಟ್ಟಿ, 2014ರ ಗಿಟ್ 2.0ಕ್ಕೆ ಹೋಯಿತು. ಪ್ರತಿ ತೆಗೆಯುವಾಗ ಪ್ರತಿಸಲವೂ ಎಣಿಸುವ ಶ್ರಮವು ಇದರಿಂದ ಬಹಳ ತಗ್ಗಿತು.

ಪರಿಪಾಲಕರಿಗೆ ಕಷ್ಟವಾಗುವುದು ಹೊಸತನ್ನು ಸೇರಿಸುವುದಕ್ಕಿಂತ ಹಳೆಯದನ್ನು ಬಿಡುವುದರಲ್ಲಿ. ಒಂದು ಕ್ರಿಯೆಯ ಹೆಸರನ್ನು ಅಳಿಸಿದರೆ ಅದನ್ನು ನಂಬಿದ ಅನ್ಯರ ಪ್ರೋಗ್ರಾಮುಗಳು ಕೆಡುವುವು. ಆದುದರಿಂದ ಮೊದಲು ‘ವರ್ಜ್ಯ’ವೆಂದು ಗುರುತು ಹಾಕಿ, ಆವೃತ್ತಿಯ ಮೊದಲಂಕಿ ಏರುವಾಗ ಮಾತ್ರ ತೆಗೆಯುವರು. ಲಾಘವಪ್ರಿಯರಾದ ವೈಯಾಕರಣರಿಗೆ ಇದು ರುಚಿಸದಿರಬಹುದು. ನನಗಂತೂ ಯುಕ್ತವೆಂದೇ ತೋರುತ್ತದೆ. 2021ರ 6.0 ಆವೃತ್ತಿಗೆ ಜಾವಾ 11, 2024ರ 7.0ಕ್ಕೆ ಜಾವಾ 17 ಬೇಕಾಯಿತು.

ದೋಷಗಳು ಸೂಕ್ಷ್ಮಸ್ಥಳಗಳಲ್ಲಿ ಅಡಗಿರುವುವು. ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವನ್ನೆಣಿಸದ ಯಂತ್ರಗಳಲ್ಲಿ, ವಂಚಕನು ಹೆಣೆದ ಸಾಂಕೇತಿಕ ಕೊಂಡಿಯ ಮೂಲಕ ಭಂಡಾರದ ಎಲ್ಲೆಯ ಹೊರಗೂ ಕಡತಗಳನ್ನು ಬರೆಯುವುದು ಸಾಧ್ಯವಾಗಿದ್ದಿತು; 2023ರ 6.6.1 ಆವೃತ್ತಿಯಲ್ಲಿ ಇದನ್ನು ಮುಚ್ಚಿದರು. ಇಂತಹ ತಿದ್ದುಪಡಿಗಳನ್ನು ಗೆರಿಟ್ ಎಂಬ ಸಾಧನದಲ್ಲಿ ಇತರರು ಪರಿಶೀಲಿಸಿ ಒಪ್ಪಿದ ಬಳಿಕವೇ ಸೇರಿಸುವರು. ಆ ಗೆರಿಟ್ಟೂ ಜೇಗಿಟ್ಟನ್ನೇ ಆಧರಿಸಿ ನಿಂತಿರುವುದು.